ಎಷ್ಟು ಹಾಲು ಕರೆಯುತ್ತೆ ಎಂದು ಕೇಳಬಾರದು

ನನ್ನ ಮಾರ್ಗದರ್ಶಕರು ಷರತ್ತನ್ನು ಲ್ಯಾಬಿನ ಬಾಗಿಲಲ್ಲಿ ನಿಂತೇ ಹೇಳಿಬಿಟ್ಟರು. "ನೋಡಿಮ್ಮ, ನಿಮ್ಮ ಪ್ರೋಗ್ರಾಮು ಹತ್ತು ಹಸು ನೋಡಿದರೆ ಎಂಟಕ್ಕಾದರೂ ಪಶುವೈದ್ಯರು ಹೇಳಿದ್ದನ್ನೇ ಹೇಳಬೇಕು. ಅದೂ ಇಲ್ಲಿ ಲ್ಯಾಬಿನಲ್ಲಲ್ಲ, ಹಳ್ಳಿಯಲ್ಲಿ. ಆಗದಿದ್ದರೆ ನಾನು ಸಹಿ ಹಾಕಲ್ಲ." ಅವರ ಸಹಿ ಇಲ್ಲದಿದ್ದರೆ ಎಂ.ಟೆಕ್ ಇಲ್ಲ. ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದವಳು. ಓದಲೆಂದೇ ರಜೆ ಪಡೆದು ಮೈಸೂರಿನ ಕಾಲೇಜು ಸೇರಿದ್ದೆ. ಆ ರಜೆ ಆ ಟರ್ಮಿನ ಕೊನೆಗೆ ಮುಗಿಯುತ್ತಿತ್ತು, ಇನ್ನೊಮ್ಮೆ ಕೊಡುವ ಪುಣ್ಯಾತ್ಮರು ಯಾರೂ ಇರಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಕೃತಕ ಬುದ್ಧಿಮತ್ತೆ ಎಂಬುದು ಈಗಿನ ಹಾಗೆ ಎಲ್ಲರ ಬಾಯಲ್ಲಿದ್ದ ಮಾತಲ್ಲ. ಬಾಬುರಾಯನಕೊಪ್ಪಲಿನ ನಮ್ಮ ಮನೆಯಲ್ಲಿ ಅತ್ತೆಯವರು "ನಮ್ಮ ಸೊಸೆ ಕಂಪ್ಯೂಟರಿಗೆ ಬುದ್ಧಿ ಕಲಿಸ್ತಾವ್ಳೆ" ಎಂದರೆ, ಕೇಳಿದವರು "ಮೊದ್ಲು ಗಂಡಂಗೆ ಕಲ್ಸಕ್ ಯೋಳಿ" ಎಂದು ನಗುತ್ತಿದ್ದರು. ಆಗ ನಾವು ಕಲಿಯುತ್ತಿದ್ದದ್ದು ಮುಖ್ಯವಾಗಿ ಒಂದು ಕೆಲಸ: ತಜ್ಞನೊಬ್ಬ ಯೋಚಿಸುವ ರೀತಿಯನ್ನು "ಹೀಗಿದ್ದರೆ ಹೀಗೆ" ಎಂಬ ನಿಯಮಗಳಾಗಿ ಒಡೆದು ಯಂತ್ರದೊಳಗೆ ಕೂರಿಸುವುದು. ನಾನು ಆರಿಸಿಕೊಂಡ ತಜ್ಞರು ಪಶುವೈದ್ಯರು. ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಕಂಪ್ಯೂಟರಿದ್ದರೆ, ಅದು ನಾಲ್ಕಾರು ಪ್ರಶ್ನೆ ಕೇಳಿ "ಈ ಹಸುವಿಗೆ ಬೇಗ ಡಾಕ್ಟರನ್ನು ಕರೆಸಿ" ಎನ್ನಬೇಕು. ಅದರಲ್ಲೂ ಒಳಗೊಳಗೇ ಬೆಳೆಯುವ ಕೆಚ್ಚಲು ಬಾವನ್ನು ಹಿಡಿಯಬೇಕು. ಈ ರೋಗದಲ್ಲಿ ಹೊರಗೆ ಊತವಿಲ್ಲ, ಜ್ವರವಿಲ್ಲ, ಹಸು ಮೇಯುತ್ತಲೇ ಇರುತ್ತದೆ. ಹಾಲು ಮಾತ್ರ ಇಳಿಯುತ್ತದೆ. ಹಾಗೇ ಬಿಟ್ಟರೆ ಒಂದು ಮೊಲೆ ಬತ್ತಿಯೇ ಹೋಗುತ್ತದೆ.

ಇನ್ನು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ತರಕಾರಿಯವನ ತಕ್ಕಡಿಯ ಕೆಳಗೆ ಬಗ್ಗಿ ನೋಡುವವಳು. ಹುಟ್ಟುಗುಣ ಸುಟ್ಟರೂ ಹೋಗದು. ನಮ್ಮ ಪಾಠದಲ್ಲಿ ಪ್ರತಿಯೊಂದು ಮಾತಿಗೂ ನಂಬಿಕೆಯ ಅಂಕ ಕೊಡುವ ಪದ್ಧತಿಯೊಂದಿತ್ತು: ಪೂರ್ತಿ ನಂಬಿದರೆ ಒಂದು, ಏನೂ ಗೊತ್ತಿಲ್ಲದಿದ್ದರೆ ಸೊನ್ನೆ, ಮಿಕ್ಕದ್ದೆಲ್ಲ ನಡುವೆ. ಅದನ್ನು ಕೇಳಿದ ದಿನವೇ ಈ ಓದು ನನಗೆ ಹೇಳಿ ಮಾಡಿಸಿದ್ದು ಅನ್ನಿಸಿತ್ತು.

ಡಾಕ್ಟರು ಕೆ.ಆರ್.ಪೇಟೆ ತಾಲ್ಲೂಕಿನವರು, ಹೊಸಹೊಳಲಿನ ಕಡೆ ಅವರ ಓಡಾಟ. ದಪ್ಪ ಮೀಸೆ, ದೊಡ್ಡ ನಗು, ಹಳೆಯ ಸ್ಕೂಟರು. ನಾನು ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿ, ಪಾಂಡವಪುರ ದಾಟಿ, ಅವರ ಆಸ್ಪತ್ರೆಯ ಬೆಂಚಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದೆ. "ಮೊದಲು ಏನು ಕೇಳ್ತೀರಿ ಡಾಕ್ಟ್ರೇ?" ಎಂದರೆ, "ಹಾಲು" ಎಂದರು. "ಕರು ಹಾಕಿದ ಹೊಸದರಲ್ಲಿ ಎಷ್ಟು ಕರೀತಿತ್ತು, ಈಗ ಎಷ್ಟು ಕರೀತದೆ. ಈ ಎರಡು ಅಂಕಿ ಸಿಕ್ಕಿದ್ರೆ ಅರ್ಧ ಕಾಯಿಲೆ ಸಿಕ್ಕಿದ ಹಾಗೆ." ಅದನ್ನೇ ಮೊದಲ ನಿಯಮ ಮಾಡಿದೆ. ಕರು ಹಾಕಿ ತಿಂಗಳು ಕಳೆದಂತೆ ಸಹಜವಾಗಿ ಎಷ್ಟು ಇಳಿಯಬಹುದೋ ಅಷ್ಟನ್ನು ಕಳೆ. ಮೇವು ನೀರು ಸರಿಯಿದ್ದೂ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಕೆಚ್ಚಲನ್ನು ಶಂಕಿಸು. ಇದನ್ನೆಲ್ಲ ಪ್ರೊಲಾಗ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಡಾಕ್ಟರ ಹಳೆಯ ಪ್ರಕರಣಗಳನ್ನು ಲ್ಯಾಬಿನಲ್ಲಿ ಕೊಟ್ಟು ನೋಡಿದೆ. ಎಲ್ಲವೂ ಹಾಲಿಗೆ ಸಕ್ಕರೆ ಬಿದ್ದ ಹಾಗೆ ಹೊಂದಿಕೊಂಡಿತು. ಅಷ್ಟು ಸುಲಭವಾಗಿ ಹೊಂದಿದ್ದೇ ನನಗೆ ಅನುಮಾನಕ್ಕೆ ಕಾರಣವಾಗಬೇಕಿತ್ತು.

ಆಮೇಲೆ ನಾನೇ ಹಳ್ಳಿಗಳಿಗೆ ಹೋದೆ. ಹೊತ್ತುಕೊಂಡು ಹೋಗುವ ಕಂಪ್ಯೂಟರು ನಮ್ಮಲ್ಲಿರಲಿಲ್ಲ. ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಮೈಸೂರಿಗೆ ಬಂದು ಯಂತ್ರಕ್ಕೆ ಕೊಡುತ್ತಿದ್ದೆ. ಅದು ಪ್ರತಿ ಹಸುವಿಗೂ "ರೋಗದ ಲಕ್ಷಣವಿಲ್ಲ" ಎಂದಿತು. ಡಾಕ್ಟರು ಖುದ್ದಾಗಿ ಪರೀಕ್ಷಿಸಿ ಕೆಚ್ಚಲಿಗೆ ಔಷಧಿ ಏರಿಸಿ ಬಂದಿದ್ದ ಹಸುಗಳಿಗೂ ಅದೇ ಮಾತು! ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಒಂದೇ ರಾಗ ಹಾಡಿದ್ದರು. "ಎಲ್ಲಿ ಕರೀತದವ್ವ, ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ. ಕರೂಗೂ ಸಾಲ್ದು." ಆಗಲೂ ಅಷ್ಟೇ ಈಗಲೂ ಅಷ್ಟೇ ಎಂದರೆ ಯಂತ್ರದ ಲೆಕ್ಕದಲ್ಲಿ ಹಾಲು ಇಳಿದೇ ಇಲ್ಲ.

ಮೊದಲು ನನ್ನ ಪ್ರೋಗ್ರಾಮನ್ನೇ ಅನುಮಾನಿಸಿದೆ. ಸಾಲು ಸಾಲು ಬಿಚ್ಚಿ ನೋಡಿದೆ, ತಪ್ಪು ಸಿಗಲಿಲ್ಲ. ಫ್ಲಾಪಿ ಕೆಟ್ಟಿದೆಯೇನೋ ಎಂದು ಬೇರೆ ಫ್ಲಾಪಿ ಹಾಕಿದೆ. ಕೊನೆಗೆ ಡಾಕ್ಟರ ಮೇಲೇ ಅನುಮಾನ ಬಂತು. ಇವರು ಲ್ಯಾಬಿಗೆ ಕೊಟ್ಟ ಹಳೆಯ ಪ್ರಕರಣಗಳು ಅಷ್ಟು ಚೊಕ್ಕಟವಾಗಿ ಹೊಂದಿದ್ದು ಹೇಗೆ? ನನ್ನನ್ನು ಬೇಗ ಸಾಗಹಾಕಲು ಕೂತಲ್ಲೇ ಬರೆದು ಕೊಟ್ಟಿರಬಹುದೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆಯೇ ಇದೆಯಲ್ಲ. ಒಂದು ದಿನ ಅವರ ಸ್ಕೂಟರಿನ ಹಿಂದೆಯೇ ಕೂತು ಹೊರಟೆ.

ಒಂದು ಕೊಟ್ಟಿಗೆಯಲ್ಲಿ ಅವರು ಹಸುವಿನ ಬೆನ್ನು ಸವರುತ್ತಾ ಕರು ಹಾಕಿದಾಗಿನ ಹಾಲಿನ ಲೆಕ್ಕ ಕೇಳಿದರು, ಮನೆಯಾಕೆ "ನಾಕು ಲೀಟ್ರು ಕರೀತಿತ್ತು ಸಾ" ಎಂದರು. ಡಾಕ್ಟರು ಏಳು ಎಂದು ಬರೆದುಕೊಂಡರು. ನನ್ನ ಕಣ್ಣಾರೆ ಕಂಡೆ. ಬೀದಿಗೆ ಬರುವವರೆಗೆ ಹೇಗೋ ತಡೆದುಕೊಂಡು, ಸ್ಕೂಟರಿನ ಹತ್ತಿರ ಹಿಡಿದು ಕೇಳಿದೆ. "ಡಾಕ್ಟ್ರೇ, ಆಕೆ ಹೇಳಿದ್ದು ನಾಲ್ಕು. ನೀವು ಬರೆದದ್ದು ಏಳು."

"ಯಾರು, ನಾನಾ?" ಅವರು ಚೀಟಿ ತೆಗೆದು ನೋಡಿ, ಮೀಸೆ ಅಲ್ಲಾಡುವ ಹಾಗೆ ನಕ್ಕರು. "ಹೌದಲ್ರೀ! ನನಗೇ ಗೊತ್ತಿರಲಿಲ್ಲ. ಅವರು ನಾಲ್ಕು ಅಂದ್ರೆ ಏಳು ಅಂತಲೇ ನನ್ನ ಕಿವಿಗೆ ಕೇಳಿಸ್ತದೆ."

"ಅವರು ಸುಳ್ಳು ಯಾಕೆ ಹೇಳಬೇಕು?"

"ಸುಳ್ಳಲ್ಲ ಮೇಡಂ, ದಿಷ್ಟಿ. ಚೆನ್ನಾಗಿ ಕರೆಯೋ ಹಸುವಿನ ಲೆಕ್ಕ ಬಾಯಿಬಿಟ್ಟು ಹೇಳಿದ್ರೆ ಕೆಚ್ಚಲಿಗೆ ಕಣ್ಣು ಬೀಳ್ತದೆ ಅಂತ. ನಾನು ಹಸುವಿನ ಡಾಕ್ಟ್ರು, ನಮ್ಮವ್ವ ನನಗೇ ಹೇಳಲ್ಲ! ನಿಮ್ಮ ಕಂಪ್ಯೂಟರು ಪಾಪ, ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ. ಹೇಳಿದ್ದನ್ನ ಹಾಗೇ ನಂಬ್ತದೆ."

ನಾಚಿಕೆಯಾಯಿತು. ನಮ್ಮಪ್ಪ ಸ್ಕೂಲು ಮೇಷ್ಟ್ರು, ನಾವು ಕರು ಕೂಡ ಸಾಕಿದವರಲ್ಲ, ಹಾಲು ಸೈಕಲ್ಲಿನ ಕ್ಯಾನಿನಲ್ಲಿ ಬರುತ್ತಿತ್ತು. ಮಕ್ಕಳ ಕೆನ್ನೆಗೆ ಕಪ್ಪು ಚುಕ್ಕೆ ಇಡುವುದು ಗೊತ್ತಿತ್ತು, ಅದು ಬಂದು ನನ್ನ ಎಂ.ಟೆಕ್ಕಿನ ಮೊದಲ ನಿಯಮದ ಮೇಲೆ ಕೂರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಸೊಸೈಟಿಯ ಲೆಕ್ಕ ನೋಡೋಣವೆಂದರೆ ಅಲ್ಲಿ ಡೈರಿಗೆ ಹಾಕಿದ್ದು ಮಾತ್ರ ಸಿಗುತ್ತಿತ್ತು. ಮನೆಗೆ ಇಟ್ಟುಕೊಂಡದ್ದು, ಹೋಟೆಲಿಗೆ ಕೊಟ್ಟದ್ದು ದೇವರಿಗೇ ಗೊತ್ತು. ಅದಕ್ಕೆ ಸುಲಭದ ದಾರಿ ಹಿಡಿದೆ. ಮಾಲೀಕರು ಹೇಳಿದ ಹಳೆಯ ಅಂಕಿಗೆ ನಂಬಿಕೆ ಕಡಿಮೆ ಮಾಡಿ, ಅದನ್ನು ಡಾಕ್ಟರ ಕಿವಿಯ ಲೆಕ್ಕದಲ್ಲೇ ಹೆಚ್ಚಿಸಿಕೊಳ್ಳುವಂತೆ ಒಂದು ನಿಯಮ ಸೇರಿಸಿದೆ. ಕೆ.ಆರ್.ಪೇಟೆಯ ಹಸುಗಳಿಗೆ ಉತ್ತರ ಸರಿಯಾಗತೊಡಗಿತು. ಎರಡು ದಿನ ನೆಮ್ಮದಿಯಾಗಿ ಊಟ ಮಾಡಿದೆ.

ಮೂರನೆಯ ದಿನ ಪಾಂಡವಪುರದ ಕಡೆ ಒಂದು ಹಳ್ಳಿಗೆ ಹೋದೆ. ಅಷ್ಟು ಹೊತ್ತಿಗೆ ನಿಯಮಗಳೆಲ್ಲ ಬಾಯಿಪಾಠವಾಗಿ, ಕ್ಯಾಲ್ಕುಲೇಟರಿನಲ್ಲೇ ಕೂಡಿ ಕಳೆದು ಅಲ್ಲೇ ಉತ್ತರ ಹೇಳುವ ಜಂಭ ಬಂದಿತ್ತು. ಜಗುಲಿಯ ಮೇಲೆ ಯಾರೋ ಇಬ್ಬರು ಕೂತಿದ್ದರು, ನೆಂಟರೆಂದುಕೊಂಡೆ. ಹಸುವಿನ ಯಜಮಾನ ನನ್ನ ಪ್ರಶ್ನೆ ಕೇಳಿ ಅರಳಿಹೋದ. "ಅಯ್ಯೋ, ಏನ್ ಯೋಳದು ಮೇಡಮ್ಮ! ಕರ ಆಕ್ದಾಗ ಬಿಂದ್ಗೆ ಬಿಂದ್ಗೆ! ಒಂದೊತ್ತಿಗೆ ಅತ್ತು ಲೀಟ್ರು!" ಈಗ ಎಷ್ಟು ಎಂದರೆ ಸರಿಯಾದ ಅಂಕಿಯನ್ನೇ ಹೇಳಿದ, ಏಕೆಂದರೆ ಆ ಇಬ್ಬರೂ ಬೆಳಗಿನ ಕರಾವನ್ನು ಎದುರಿಗೇ ಕೂತು ನೋಡಿದ್ದರು. ನನಗೇನು ಗೊತ್ತು? ಅವನ ಹತ್ತನ್ನು ಇನ್ನೂ ಹೆಚ್ಚಿಸಿಕೊಂಡು, ಈಗಿನದನ್ನು ಕಳೆದು, ಗಂಭೀರವಾಗಿ ಹೇಳಿದೆ: "ಇದಕ್ಕೆ ಒಳಗೇ ಕೆಚ್ಚಲು ಬಾವು ಇರಬಹುದು. ಡಾಕ್ಟರಿಗೆ ತೋರಿಸಿ."

ಜಗುಲಿಯ ಇಬ್ಬರೂ ಮುಖ ಮುಖ ನೋಡಿಕೊಂಡು, ಟವೆಲು ಕೊಡವಿ, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರು ಹಸು ಕೊಳ್ಳಲು ಬಂದವರು.

"ಏನವ್ವಾ ನೀನು! ನಾನೇನ್ ಅನ್ಯಾಯ ಮಾಡಿದ್ದೆ ನಿಂಗೆ?" ಯಜಮಾನ ಬೀದಿಗೆ ಕೇಳುವ ಹಾಗೆ ಕೂಗಿದ. "ಯಾಪಾರ ಮುಗ್ಸಿ ಏಳೋ ಒತ್ಗೆ ಬಂದು ಬಾಯ್ಗೆ ಮಣ್ ಆಕ್ಬುಟ್ಯಲ್ಲ! ಯಾರ್ ಕಳ್ಸುದ್ರು ನಿನ್ನ? ನಿಜ ಯೋಳು. ಕೆಳಗಿನ್ ಬೀದಿಯೋರ್ ತಾನೆ?"

ನಾನು ಯಾರೂ ಕಳಿಸಿಲ್ಲ ಎಂದರೆ ನಂಬುವ ಸ್ಥಿತಿಯಲ್ಲಿ ಅವನಿರಲಿಲ್ಲ. ನಾನು ಕೇಳಿಕೊಂಡದ್ದಕ್ಕೆ ಡಾಕ್ಟರು ಮಾರನೆಯ ದಿನ ಬಂದು ನೋಡಿ, ಹಸು ಕಲ್ಲುಗುಂಡಿನ ಹಾಗಿದೆ ಎಂದು ಆ ಕೊಳ್ಳುವವರಿಗೆ ತಾವೇ ಹೇಳಿ ವ್ಯಾಪಾರ ಉಳಿಸಿಕೊಟ್ಟರು. ಸಾಕುವವರು ಕಡಿಮೆ ಹೇಳುತ್ತಾರೆ, ಮಾರುವವರು ಹೆಚ್ಚು ಹೇಳುತ್ತಾರೆ, ಯಾರು ಯಾವಾಗ ಏನು ಎಂಬುದು ಅವರ ಮುಖ ನೋಡಿದ ಡಾಕ್ಟರಿಗೆ ತಿಳಿಯುತ್ತದೆ, ಯಂತ್ರಕ್ಕಲ್ಲ. ನನ್ನ ಹೊಸ ನಿಯಮ ಹೊಳೆಯಲ್ಲಿ ಹುಣಿಸೇಹಣ್ಣು ತೊಳೆದ ಹಾಗಾಯಿತು.

ಮಾರ್ಗದರ್ಶಕರಿಗೆ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು. "ಮೊದಲು ರೋಗ ಇದ್ದದ್ದಕ್ಕೆ ಇಲ್ಲ ಅಂತು. ಆಮೇಲೆ ಸರಿಯಾಯಿತು. ಈಗ ಇಲ್ಲದ್ದಕ್ಕೆ ಇದೆ ಅನ್ನುತ್ತಿದೆ. ಒಂದು ಮಾತು ಕೇಳ್ತೀನಿ, ಬೇಸರ ಮಾಡ್ಕೋಬೇಡಿ. ನೀವು ನಿಜವಾಗಿಯೂ ಹಳ್ಳಿಗೆ ಹೋಗ್ತಿದೀರಾ?"

ಮೈ ಉರಿದುಹೋಯಿತು. ಬಿಸಿಲಲ್ಲಿ ಬಸ್ಸಿಗೆ ಕಾದು ಕಾದು ನನ್ನ ಮುಖ ಕರಕಲಾಗಿತ್ತು. ಇನ್ನೊಬ್ಬರನ್ನು ಅನುಮಾನಿಸುವುದು ನನಗೆ ಅಭ್ಯಾಸವಾಗಿತ್ತು, ಅನುಮಾನಕ್ಕೆ ಗುರಿಯಾಗುವುದು ಅಭ್ಯಾಸವಿರಲಿಲ್ಲ. "ನೀವೇ ಬಂದು ನೋಡಿ ಸರ್" ಎಂದೆ.

"ಬರ್ತೀನಿ. ಊರು ಮಾತ್ರ ನಾನು ಆರಿಸ್ತೀನಿ, ನೀವಲ್ಲ. ಕಂಪ್ಯೂಟರು ಅಲ್ಲೇ ಇರಬೇಕು, ನನ್ನ ಕಣ್ಣೆದುರು ನಡೀಬೇಕು. ಅದೇ ಕೊನೆ."

ಅವರು ಆರಿಸಿದ್ದು ನಾಗಮಂಗಲ ತಾಲ್ಲೂಕಿನಲ್ಲಿ, ಬೆಳ್ಳೂರಿನ ಕಡೆಯ ಒಂದು ಹಳ್ಳಿ. ನಾನೂ ಡಾಕ್ಟರೂ ಕಾಲಿಡದ ಊರು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಕೌದಿಯಲ್ಲಿ ಸುತ್ತಿಟ್ಟು, ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಹಾಲಿನ ಸೊಸೈಟಿಯ ಕೋಣೆಯಲ್ಲಿ ಜೋಡಿಸಿದ್ದಾಯಿತು. ಕರೆಂಟು ಇತ್ತು, ಅದೇ ದೊಡ್ಡ ಪುಣ್ಯ. ಡಾಕ್ಟರು ಸ್ಕೂಟರಿನಲ್ಲಿ ಬಂದು ಹೊರಗೆ ಬೇವಿನ ಮರದ ಕೆಳಗೆ ನಿಂತರು. ಹತ್ತು ಹಸುಗಳನ್ನು ಅಲ್ಲೇ ಸಾಲಾಗಿ ಕಟ್ಟಿದ್ದರು. ಕೋಣೆಯಲ್ಲಿ ಯಂತ್ರ ತನ್ನ ಉತ್ತರ ಹೇಳಬೇಕು, ಮರದಡಿ ಡಾಕ್ಟರು ಹಾಲು ಪರೀಕ್ಷಿಸಿ ತಮ್ಮದು ಹೇಳಬೇಕು, ಮಾರ್ಗದರ್ಶಕರು ಎರಡನ್ನೂ ತಾಳೆ ನೋಡಬೇಕು. ಪಾಂಡವಪುರದ ಪಾಠದ ಮೇಲೆ ಹೆಚ್ಚಿಸುವ ನಿಯಮವನ್ನು ತೆಗೆದುಹಾಕಿದ್ದೆ, ಅದರ ಜಾಗಕ್ಕೆ ಏನು ಹಾಕಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಮೊದಲು ಬಂದವರೆಲ್ಲ ಆಗಲೂ ಅಷ್ಟೇ ಈಗಲೂ ಅಷ್ಟೇ ಎಂದರು. ಯಂತ್ರ ಎಲ್ಲಕ್ಕೂ "ರೋಗದ ಲಕ್ಷಣವಿಲ್ಲ" ಎಂದಿತು. ಮರದಡಿಯಿಂದ ಎರಡು ಸಲ ಬೇರೆ ಉತ್ತರ ಬಂತು. ಮಾರ್ಗದರ್ಶಕರು ಗಡಿಯಾರ ನೋಡಿಕೊಂಡರು. ಇನ್ನೊಂದು ತಪ್ಪಿದರೆ ಮುಗಿಯಿತು ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಆಮೇಲೆ ಬಂದವರು ನಡುವಯಸ್ಸು ದಾಟಿದ ಗಟ್ಟಿಗಿತ್ತಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುರ್ಚಿಯಲ್ಲಿ ಕೂರದೆ, ಮಾನಿಟರಿನ ಮುಂದೆ ಹಿಂದೆ ಎಲ್ಲ ಬಗ್ಗಿ ನೋಡಿದರು. ಆ ನೋಟವನ್ನು ನಾನು ಚೆನ್ನಾಗಿ ಬಲ್ಲೆ, ನಾನು ತಕ್ಕಡಿ ನೋಡುವುದೂ ಹಾಗೆಯೇ.

"ಇದ್ಕೆ ಕಣ್ಣೈತಾ?" ಎಂದು ಕೇಳಿದರು.

"ಇಲ್ಲಮ್ಮ."

"ಟೀವಿ ತರ ಅದೆ?"

"ನಾವು ಅದನ್ನ ನೋಡ್ತೀವಿ, ಅದು ನಮ್ಮನ್ನ ನೋಡಲ್ಲ."

"ನನ್ ಅಸೂನ ನೋಡಾಕಿಲ್ವಾ?"

"ಇಲ್ಲ. ಅದಕ್ಕೆ ಏನೂ ಕಾಣಲ್ಲ."

ಆಕೆ ಬಾಗಿಲ ಕಡೆ ಕೈ ತೋರಿಸಿದರು. "ಅಂಗಾರೆ ಅದ್ಕೆ ಯೋಳ್ತೀನಿ. ನೀವು ಮೂರೂ ಜನ ಆಚ್ಗೋಗಿ." ಮೂರೂ ಜನ ಎಂದರೆ ನಾನು, ಮಾರ್ಗದರ್ಶಕರು, ಸೊಸೈಟಿಯ ಕಾರ್ಯದರ್ಶಿ. "ಯೋಳಿದ್ ಮ್ಯಾಕೆ ಅದು ನಿಮ್ಗೆ ಯೋಳ್ಬುಡ್ತದಾ?"

ನಿಜ ಹೇಳಬೇಕೆಂದರೆ, ಅದು ಹೇಳುತ್ತದೆ. ನಮ್ಮ ಪದ್ಧತಿಯಲ್ಲಿ "ಹೇಗೆ?" ಎಂಬ ಗುಂಡಿಯೊಂದಿತ್ತು; ಅದನ್ನು ಒತ್ತಿದರೆ ಯಾವ ಉತ್ತರದಿಂದ, ಯಾವ ಅಂಕಿಯಿಂದ ಈ ತೀರ್ಮಾನಕ್ಕೆ ಬಂದೆ ಎಂದು ಯಂತ್ರ ಒಂದೊಂದಾಗಿ ಒಪ್ಪಿಸುತ್ತದೆ. ಪರೀಕ್ಷಕರು ಮೊದಲು ನೋಡುವುದೇ ಅದನ್ನು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೇಳಲ್ಲಮ್ಮ. ನಾನು ಬಿಡಲ್ಲ" ಎಂದೆ.

ಡೈರಿಯ ಚೀಟಿ ಓದಿ ಓದಿ ಅಂಕಿಗಳು ಆಕೆಗೆ ಚೆನ್ನಾಗಿ ಬರುತ್ತಿದ್ದವು. ಎಲ್ಲಿ ಒತ್ತಬೇಕು, ಒತ್ತಿದ ಮೇಲೆ ಯಾವ ದೊಡ್ಡ ಗುಂಡಿ ಒತ್ತಬೇಕು ಎಂದು ತೋರಿಸಿ ನಾವು ಹೊರಗೆ ನಿಂತೆವು. ಆಕೆ ಒಂದು ಕೈಯಲ್ಲಿ ಕೀಬೋರ್ಡಿಗೆ ಸೆರಗು ಮರೆ ಮಾಡಿ, ಇನ್ನೊಂದು ಕೈಯ ಒಂದೇ ಬೆರಳಿನಲ್ಲಿ ಒತ್ತಿ, "ಬನ್ನಿ, ಆಯ್ತು" ಎಂದರು. ಅಂಕಿ ತೆರೆಯಿಂದ ಹೋಗಿ ಮುಂದಿನ ಪ್ರಶ್ನೆ ಬಂದಿತ್ತು. ಮೇವು, ನೀರು, ಜ್ವರ ಎಲ್ಲಕ್ಕೂ ನಮ್ಮೆದುರೇ ಸಲೀಸಾಗಿ ಉತ್ತರ ಕೊಟ್ಟರು. ಯಂತ್ರ ಆ ದಿನ ಮೊದಲ ಬಾರಿಗೆ ಬೇರೆ ಮಾತಾಡಿತು: "ಕೆಚ್ಚಲು ಬಾವಿನ ಬಲವಾದ ಶಂಕೆ. ವೈದ್ಯರನ್ನು ಕರೆಸಿ."

ಮಾರ್ಗದರ್ಶಕರ ಕೈ ಸೀದಾ "ಹೇಗೆ?" ಗುಂಡಿಯ ಕಡೆ ಹೋಯಿತು. ನಾನು ಮೊದಲೇ ಎಸ್ಕೇಪ್ ಒತ್ತಿಬಿಟ್ಟೆ. ಪ್ರೋಗ್ರಾಮು ಮುಚ್ಚಿತು, ಅಂಕಿಯೂ ಹೋಯಿತು.

"ಏನ್ರೀ ಇದು!" ಅವರ ದನಿ ಏರಿತು. "ಅದೊಂದೇ ಸಾಕ್ಷಿ ಇದ್ದದ್ದು. ಈ ಉತ್ತರ ನೀವು ಮೊದಲೇ ಬರೆದಿಟ್ಟದ್ದಲ್ಲ ಅಂತ ನಾನು ಹೇಗೆ ನಂಬಲಿ?"

"ನಂಬಬೇಡಿ ಸರ್" ಎಂದೆ. "ಅವರಿಗೆ ಮಾತು ಕೊಟ್ಟಿದ್ದೆ."

ಅಷ್ಟರಲ್ಲಿ ಡಾಕ್ಟರು ಮರದಡಿಯಿಂದ ತಟ್ಟೆ ಹಿಡಿದುಕೊಂಡೇ ಬಂದರು. ನಾಲ್ಕೂ ಮೊಲೆಯ ಹಾಲಿಗೆ ಬೇರೆ ಬೇರೆಯಾಗಿ ಸೋಪಿನಂಥ ದ್ರಾವಣ ಬೆರೆಸಿ ಅಲ್ಲಾಡಿಸಿದ್ದರು. ಮೂರು ನೀರಾಗಿಯೇ ಇತ್ತು, ಒಂದು ಲೋಳೆಯಾಗಿ ಗಟ್ಟಿಯಾಗಿತ್ತು. "ಸುರು ಆಗಿದೆ. ಆದ್ರೆ ಈಗಲೇ ಔಷಧಿ ಹಾಕಿದ್ರೆ ಮೊಲೆ ಉಳೀತದೆ" ಎಂದರು. ಆಕೆ ಎದೆಯ ಮೇಲೆ ಕೈ ಇಟ್ಟುಕೊಂಡು "ನಮ್ಮಪ್ಪನೇ" ಎಂದರು.

ಮಾರ್ಗದರ್ಶಕರಿಗೆ ಅದೂ ಸಾಲಲಿಲ್ಲ. ಡಾಕ್ಟರು ನನ್ನ ಕಡೆಯವರು ಎಂಬ ಅನುಮಾನ ಅವರ ಮುಖದ ಮೇಲೇ ಇತ್ತು. ಅವರು ಆಕೆಯ ಕಡೆ ತಿರುಗಿ ಮೆತ್ತಗೆ ಕೇಳಿದರು. "ಅಲ್ಲಮ್ಮ, ಕರು ಹಾಕಿದಾಗ ಎಷ್ಟು ಹಾಲು ಕೊಡ್ತಿತ್ತು?"

"ಎಲ್ಲಿ ಕೊಡ್ತಿತ್ತು ಸಾ," ಆಕೆ ಕಣ್ಣು ಕೂಡ ಮಿಟುಕಿಸಲಿಲ್ಲ. "ಮೂರು ಲೀಟ್ರು ಕರುದ್ರೆ ಎಚ್ಚು. ಆಗ್ಲೂ ಅಷ್ಟೇ, ಈಗ್ಲೂ ಅಷ್ಟೇ."

ಅವರು ಕುರ್ಚಿ ಎಳೆದುಕೊಂಡು ಪ್ರೋಗ್ರಾಮನ್ನು ಮತ್ತೆ ತೆರೆದರು. ಅದೇ ಹಸು, ಅದೇ ಮೇವು, ಅದೇ ನೀರು. ಹಾಲಿನ ಎರಡೂ ಜಾಗದಲ್ಲಿ ಮಾತ್ರ ಆಕೆ ಬಾಯಲ್ಲಿ ಹೇಳಿದ ಮೂರನ್ನು ತಮ್ಮ ಕೈಯಿಂದಲೇ ಒತ್ತಿದರು. "ರೋಗದ ಲಕ್ಷಣವಿಲ್ಲ" ಎಂದು ಬಂತು. ಅವರು ತೆರೆಯನ್ನೂ, ಡಾಕ್ಟರ ಕೈಯಲ್ಲಿದ್ದ ತಟ್ಟೆಯನ್ನೂ, ಆಕೆಯನ್ನೂ ನೋಡಿದರು. ಆಕೆ ಗೋಡೆಯ ಕಡೆ ನೋಡುತ್ತಿದ್ದರು.

"ಮೊದಲು ಬಂದವರನ್ನೂ ವಾಪಸ್ಸು ಕರೀರಿ" ಎಂದರು ಮಾರ್ಗದರ್ಶಕರು ಕೊನೆಗೆ. "ಅವರೇ ಒತ್ತಲಿ. ನಾವು ಆಚೆ ನಿಲ್ಲೋಣ."

ಮಧ್ಯಾಹ್ನದವರೆಗೆ ನಾವು ಹಾಗೆ ಬಿಸಿಲಿನಲ್ಲಿ ಒಳಗೆ ಹೊರಗೆ ಓಡಾಡಿದೆವು. ಸೆರಗು ಮರೆ ಮಾಡಿಕೊಂಡು ಒಬ್ಬೊಬ್ಬರೇ ಒತ್ತಿದರು. ಬೆಳಿಗ್ಗೆ ತಪ್ಪಿದ್ದ ಎರಡೂ ಸರಿಯಾದವು. ಮುಗಿದಾಗ ಹತ್ತರಲ್ಲಿ ಒಂದು ಮಾತ್ರ ಡಾಕ್ಟರ ಮಾತಿಗೆ ಹೊಂದಿರಲಿಲ್ಲ. ಮಾರ್ಗದರ್ಶಕರು ಸೊಸೈಟಿಯ ಮೇಜಿನ ಮೇಲೆಯೇ ನನ್ನ ಪುಟಕ್ಕೆ ಸಹಿ ಹಾಕಿದರು. "ಆ ಅಂಕಿಯನ್ನ ಯಂತ್ರ ಯಾರಿಗೂ ಒಪ್ಪಿಸದ ಹಾಗೆ ಬದಲಾಯಿಸಿ. ನನಗೂ ಕೂಡ" ಎಂದರು.

ತಂತಿಗಳನ್ನು ಸುತ್ತುತ್ತಿದ್ದಾಗ ಆಕೆ ಮಜ್ಜಿಗೆಯ ಲೋಟ ಹಿಡಿದು ಬಂದರು. "ಬೇಜಾರ್ ಮಾಡ್ಕಬ್ಯಾಡ ಕನವ್ವ, ಆಚ್ಗೋಗು ಅಂದೆ ಅಂತ. ನಿನ್ ಕಣ್ಣೇನ್ ಕೆಟ್ಟದ್ದಲ್ಲ. ಆದ್ರೂವೆ ಕಣ್ಣು ಕಣ್ಣೇಯ."

"ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳ್ತಿದ್ದೆ" ಎಂದೆ. ಸುಮ್ಮನೆ ಉಪಚಾರಕ್ಕೆ ಹೇಳಿದ್ದಲ್ಲ.

ಸಂಜೆ ಬಾಬುರಾಯನಕೊಪ್ಪಲಿನಲ್ಲಿ ಕಾರಿನಿಂದ ಇಳಿದೆ. ಕಂಪ್ಯೂಟರು ಮಾರ್ಗದರ್ಶಕರ ಜೊತೆ ಮೈಸೂರಿಗೆ ಹೋಯಿತು. ಸಹಿಯಾದ ಪುಟ ನನ್ನ ಬ್ಯಾಗಿನಲ್ಲಿತ್ತು. ಎದೆ ಎಷ್ಟು ತುಂಬಿಬಂದಿತ್ತೆಂದರೆ ರಸ್ತೆಯಲ್ಲೇ ಯಾರನ್ನಾದರೂ ನಿಲ್ಲಿಸಿ ಹೇಳಬೇಕು ಅನ್ನಿಸುತ್ತಿತ್ತು. ಅಂಗಡಿಯ ಮುಂದೆ ಪಕ್ಕದ ಮನೆಯಾಕೆ ಸಿಕ್ಕಿದರು. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಏನವ್ವ, ಮಕ ಅಷ್ಟ್ ಬೆಳಗ್ತಾ ಅದೆ. ನಿನ್ ಓದು ಮುಗೀತಾ? ಸೈನಾಯ್ತಾ?" ಎಂದರು.

"ಎಲ್ಲಿ ಅಕ್ಕ," ಎಂದೆ, "ಆಗ ಎಲ್ಲಿತ್ತೋ ಈಗಲೂ ಅಲ್ಲೇ ಇದೆ."

ಮನೆಯ ಬಾಗಿಲು ತಲುಪುವವರೆಗೂ ಬ್ಯಾಗಿನ ಮೇಲೆ ಸೆರಗು ಎಳೆದುಕೊಂಡೇ ನಡೆದೆ.